ಬೇಲೂರು, ಹಳೇಬೀಡಿನ ಜನಜಂಗುಳಿ ಬಿಟ್ಟು ಹಾಸನದ ಸುತ್ತ ಒಂದು ದಿನ

ಭಾನುವಾರ ಬೇಲೂರಿನಲ್ಲಿ ಶಿಲಾಬಾಲಿಕೆಯರಿಗಿಂತ ಸೆಲ್ಫಿ ಕೋಲುಗಳೇ ಹೆಚ್ಚು. ಹೊಯ್ಸಳರ ಕೆಲಸವನ್ನು ನಿಧಾನವಾಗಿ ನೋಡಬೇಕೆಂದರೆ ವಾರದ ನಡುವೆ ಬೆಳಗ್ಗೆಯೇ ದೊಡ್ಡಗದ್ದವಳ್ಳಿಗೆ ಹೊರಡಿ. ಬಸ್ಸಾದರೆ ಬೇಲೂರು ರಸ್ತೆಯ ಕ್ರಾಸಿನಲ್ಲಿ ಇಳಿದು ಊರೊಳಗೆ ನಡೆಯಬೇಕು.

ಇಲ್ಲಿನ ಲಕ್ಷ್ಮೀದೇವಿ ಗುಡಿ 12ನೇ ಶತಮಾನದ ಆರಂಭದ್ದು; ನಾಲ್ಕು ಗರ್ಭಗುಡಿಗಳ ಚತುಷ್ಕೂಟ. ಹಳೇಬೀಡಿನ ಹಾಗೆ ಗೋಡೆ ತುಂಬ ಶಿಲ್ಪ ಹುಡುಕಿದರೆ ನಿರಾಸೆಯೇ. ನೋಡಬೇಕಾದ್ದು ಕಾಳಿಯ ಗುಡಿ ಬಾಗಿಲಲ್ಲಿ ನಿಂತ ಬೇತಾಳಗಳನ್ನು: ಚರ್ಮ ಒಣಗಿ ಮೂಳೆಗಂಟಿದ ಮೈ, ಪಕ್ಕೆಲುಬು ಎಣಿಸಬಹುದು. ಒಳಗೆ ಕತ್ತಲು. ಟಾರ್ಚನ್ನು ನೇರ ಹಿಡಿದರೆ ನೆರಳು ಬೀಳದೆ ಕೆತ್ತನೆ ಚಪ್ಪಟೆಯಾಗುತ್ತದೆ; ಪಕ್ಕದಿಂದ ಓರೆಯಾಗಿ ಹಿಡಿಯಿರಿ.

ಮುಂದೆ ಅರಸೀಕೆರೆ ರಸ್ತೆ ಕಡೆಯ ಕೊರವಂಗಲದ ಬೂಚೇಶ್ವರ ಗುಡಿ (1173), ಹೊಳೆನರಸೀಪುರದ ಕಡೆ ಮೊಸಳೆ ಎಂಬ ಊರಿನ ಜೋಡಿಗುಡಿ. ದಿಕ್ಕು ಬೇರೆಬೇರೆ, ಹಾಸನಕ್ಕೆ ವಾಪಸ್ ಬಂದೇ ಹೋಗಬೇಕು. ಬಸ್ ನಂಬಿದರೆ ಎರಡೇ ಆಗುತ್ತದೆ, ಬೈಕೋ ಆಟೋವೋ ಇದ್ದರೆ ಮೂರೂ.

ಬಾಗಿಲಿಗೆ ಬೀಗ ಕಂಡರೆ ಹಿಂತಿರುಗಬೇಡಿ, ಪಕ್ಕದ ಮನೆಯಲ್ಲಿ ಕೇಳಿ. ಪೂಜಾರರು ಪೂಜೆ ಮುಗಿಸಿ ಹೋಗಿರುತ್ತಾರೆ. ಮಧ್ಯಾಹ್ನ ಕಲ್ಲುಹಾಸು ಕಾಲು ಸುಡುತ್ತದೆ, ಸಾಕ್ಸ್ ಇರಲಿ. ಈ ಊರುಗಳ ಹೋಟೆಲು ನೆಚ್ಚಿಕೊಳ್ಳದೆ ಬುತ್ತಿ ಕಟ್ಟಿಕೊಳ್ಳಿ.