ಸಿನಿಮಾ ಮುಗಿದ ಮೇಲೆ ಮಕ್ಕಳ ಬಾಯಿಂದ, ಅಜ್ಜಿಯ ಬಾಯಿಂದ ಅಭಿಪ್ರಾಯ ಹೊರಡಿಸುವುದು ಹೇಗೆ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿತು ಅಂದರೆ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ತಂಗಿಯ ಮಕ್ಕಳು, ಭಾವನ ಮಕ್ಕಳು, ಆಚೆ ಮನೆಯವರು ಎಲ್ಲ ಸೇರಿ ಒಂಬತ್ತು ಹತ್ತು ಜನ ಆಗುತ್ತಾರೆ. ಮೂರು ವರ್ಷದಿಂದ ನಾನು ಇವರನ್ನೆಲ್ಲ ಚಾವಡಿಯಲ್ಲಿ ಕೂರಿಸಿ ಒಂದು ಹಳೇ ಕಾರ್ಟೂನ್ ಸಿನಿಮಾ ತೋರಿಸಿ, ಯಾರಿಗೆ ಏನು ಅನಿಸಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾ ಬಂದಿದ್ದೇನೆ. ಸಿನಿಮಾ 'ಸ್ನೋ ವೈಟ್ ಆಂಡ್ ದ ಸೆವೆನ್ ಡ್ವಾರ್ಫ್ಸ್', ಡಿಸ್ನಿಯವರದ್ದು, 1937ರದ್ದು. ಮಲತಾಯಿ ರಾಣಿಯಿಂದ ತಪ್ಪಿಸಿಕೊಂಡು ಕಾಡಿಗೆ ಓಡಿದ ಸ್ನೋ ವೈಟ್ ಅನ್ನುವ ಹುಡುಗಿ, ಅವಳಿಗೆ ಜಾಗ ಕೊಟ್ಟ ಏಳು ಕುಳ್ಳರು, ಇವರ ಕಥೆ. ನೀವೂ ನಿಮ್ಮ ಮನೆಯಲ್ಲಿ ಹೀಗೆ ಮಾಡಬಹುದು. ಖರ್ಚು ಏನೂ ಇಲ್ಲ. ಆದರೆ ಕೇಳುವ ಕ್ರಮ ಒಂದು ಉಂಟು, ಅದು ತಪ್ಪಿದರೆ ಏನೂ ಸಿಗುವುದಿಲ್ಲ.

ಮೊದಲ ವರ್ಷ ನನಗೆ ತಪ್ಪಿತ್ತು. ಸಿನಿಮಾ ಮುಗಿದ ಕೂಡಲೇ "ಹೇಗಿತ್ತು?" ಅಂತ ಕೇಳಿದೆ. ಎಲ್ಲರೂ ಒಟ್ಟಿಗೆ "ಚಂದ ಇತ್ತು" ಅಂದರು, ಚಪ್ಪಲಿ ಹಾಕಿಕೊಂಡು ತೋಟಕ್ಕೆ ಓಡಿದರು. ನೋಟ್‌ಬುಕ್‌ನ ಆ ಪುಟದಲ್ಲಿ ಇವತ್ತಿಗೂ ಇರುವುದು ಆ ಎರಡೇ ಪದ. ಮಕ್ಕಳಿಗೆ ಹೇಳಲಿಕ್ಕೆ ಏನೂ ಇರಲಿಲ್ಲ ಅಂತಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರವರೇ ಎಷ್ಟು ಮಾತಾಡಿದರು! ನಾನು ಕೇಳಿದ ಪ್ರಶ್ನೆಗೆ ಒಂದೇ ಉತ್ತರ ಇತ್ತು, ಅದನ್ನು ಕೊಟ್ಟು ಹೋದರು ಅಷ್ಟೆ.

ಈಗ ಮಾಡುವ ಕ್ರಮ ಹೇಳುತ್ತೇನೆ.

ಸಿನಿಮಾ ಬೆಳಿಗ್ಗೆಯೇ ಹಾಕಿ, ತಿಂಡಿ ಆದ ಮೇಲೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಕಳೆದ ಮೇಲೆ ಗುಡುಗು ಶುರುವಾದರೆ ಕರೆಂಟ್ ನಂಬಲಿಕ್ಕಾಗುವುದಿಲ್ಲ. ಈ ಸಿನಿಮಾ ಬರೀ 83 ನಿಮಿಷ, ಹತ್ತು ಗಂಟೆಗೆ ಹಾಕಿದರೆ ಊಟದ ಮೊದಲು ನೋಡಿಯೂ ಆಗುತ್ತದೆ, ಮಾತಾಡಿಯೂ ಆಗುತ್ತದೆ. ಮಾತಿಗೆ ಊಟದ ಮೊದಲಿನ ಹೊತ್ತೇ ಬೇಕು. ಊಟ ಆದರೆ ಅರ್ಧ ಜನ ಮಲಗುತ್ತಾರೆ.

ಭಾಷೆ ಇಂಗ್ಲಿಷ್. ಸಣ್ಣವರಿಗೆ ಎಲ್ಲ ಅರ್ಥ ಆಗುವುದಿಲ್ಲ, ಅಜ್ಜಿಯಂದಿರಿಗೂ ಇಲ್ಲ. ಹಾಗಂತ ನಡುನಡುವೆ ವಿವರಣೆ ಕೊಡುತ್ತಾ ಕೂರಬೇಡಿ. ನಾನು ಎರಡೇ ಕಡೆ ನಿಲ್ಲಿಸುತ್ತೇನೆ. ರಾಣಿ ಬೇಟೆಗಾರನಿಗೆ ಆಜ್ಞೆ ಕೊಟ್ಟ ಮೇಲೆ ಒಮ್ಮೆ, ಯಾಕೆಂದರೆ ಅವಳು ಹುಡುಗಿಯ ಹೃದಯವನ್ನು ಪೆಟ್ಟಿಗೆಯಲ್ಲಿ ತಾ ಅಂದದ್ದು ಗೊತ್ತಾಗದಿದ್ದರೆ ಮುಂದಿನದ್ದು ಹಿಡಿಯುವುದಿಲ್ಲ. ಮತ್ತೊಮ್ಮೆ ರಾಣಿಯೇ ಮುದುಕಿಯಾಗಿ, ವಿಷದ ಸೇಬು ಹಿಡಿದುಕೊಂಡು ಕುಳ್ಳರ ಮನೆಯ ಕಿಟಕಿಯ ಹತ್ತಿರ ಬಂದಾಗ. ಅಲ್ಲಿ ನಿಲ್ಲಿಸಿ "ಈಗ ನೀನು ಆ ಮನೆಯೊಳಗೆ ಇದ್ದಿದ್ದರೆ ಎಂತ ಮಾಡ್ತಿದ್ದೆ?" ಅಂತ ಒಂದು ಸುತ್ತು ಕೇಳಿ. ಕಳೆದ ವರ್ಷ ಆರು ವರ್ಷದ ಹುಡುಗ, "ನಾಯಿ ಬಿಡ್ತಿದ್ದೆ" ಅಂದ. ಅವನ ಅಕ್ಕ ಕೂಡಲೇ, "ಅವಳ ಹತ್ತಿರ ನಾಯಿ ಎಲ್ಲಿ ಉಂಟು, ಬರೀ ಮೊಲ, ಜಿಂಕೆ" ಅಂದಳು. ಅಲ್ಲಿಂದ ಮಾತು ತಾನಾಗಿ ಹೊರಟಿತು, ಆ ಪ್ರಾಣಿಗಳು ಓಡಿಹೋಗಿ ಕುಳ್ಳರನ್ನು ಕರೆತರುತ್ತವೆಯೋ ಇಲ್ಲವೋ ಅಂತ ಹತ್ತು ನಿಮಿಷ ಜಗಳ ಆಯಿತು.

ಕುಳ್ಳರು ಅನ್ನುವ ಪದದ ಬಗ್ಗೆ ಒಂದು ಮಾತು. ಸಿನಿಮಾ ಹಾಕುವ ಮೊದಲೇ ಹೇಳಿಬಿಡಿ, ಇದು ಕಥೆಯಲ್ಲಿ ಬರುವ ಪದ, ಯಾರನ್ನೂ ಹಾಗೆ ಕರೆಯಲಿಕ್ಕಿಲ್ಲ ಅಂತ. ಗುಂಪಿನಲ್ಲಿ ಎತ್ತರ ಕಮ್ಮಿ ಇರುವ ಮಗು ಒಂದಾದರೂ ಇರುತ್ತದೆ.

ಇನ್ನು ಪ್ರಶ್ನೆಗಳು. "ಇಷ್ಟ ಆಯ್ತಾ" ಬೇಡ, "ಕಥೆಯಿಂದ ಏನು ಕಲಿತೆ" ಅಂತೂ ಬೇಡವೇ ಬೇಡ, ಅದನ್ನು ಕೇಳಿದರೆ ಮಕ್ಕಳು ಪರೀಕ್ಷೆಯ ಉತ್ತರ ಕೊಡುತ್ತಾರೆ. ಒಂದು ಗಳಿಗೆಯನ್ನು ಹಿಡಿದು ಕೇಳಿ. ಯಾವಾಗ ಕಣ್ಣು ಮುಚ್ಚಿಕೊಂಡೆ? ಯಾವಾಗ ಎದ್ದು ನೀರು ಕುಡಿಯಲಿಕ್ಕೆ ಹೋದೆ? ಈ ಎರಡನೇ ಪ್ರಶ್ನೆ ತುಂಬಾ ಉಪಯೋಗದ್ದು. ಬೋರ್ ಆಯಿತು ಅಂತ ಬಾಯಿಬಿಟ್ಟು ಹೇಳಲಿಕ್ಕೆ ಮಕ್ಕಳಿಗೆ ಸಂಕೋಚ, ತೋರಿಸಿದ ಮಾವನಿಗೆ ಬೇಸರ ಆದೀತು ಅಂತ. ಆದರೆ ಎದ್ದು ಹೋದದ್ದು ಯಾವಾಗ ಅಂತ ಹೇಳುತ್ತಾರೆ. ನಮ್ಮಲ್ಲಿ ಎರಡು ವರ್ಷವೂ ಮೂವರು ನಾಲ್ವರು ಎದ್ದದ್ದು ಕುಳ್ಳರು ಕೈಕಾಲು ಮುಖ ತೊಳೆಯುವ ಹಾಡಿನಲ್ಲಿ. ನನಗೆ ಅದು ತುಂಬಾ ಇಷ್ಟದ ಭಾಗ, ಆ ಸಿಡುಕನನ್ನು ಎಲ್ಲರೂ ಸೇರಿ ಹಿಡಿದು ತೊಟ್ಟಿಗೆ ಹಾಕುವುದು. ಆದರೂ ಬರೆದುಕೊಂಡೆ, "ತೊಳೆಯುವ ಹಾಡು ಉದ್ದ ಆಯ್ತು" ಅಂತ. ನಿಮ್ಮ ಅಭಿಪ್ರಾಯವನ್ನು ಮಾತಿನ ಮಧ್ಯೆ ತರಬೇಡಿ, ಮುಖದಲ್ಲೂ ತೋರಿಸಬೇಡಿ.

ಹೆದರಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೂರಿ. ಈ ಸಿನಿಮಾದಲ್ಲಿ ಹೆದರಿಕೆ ನಿಜವಾಗಿಯೂ ಉಂಟು. ಸ್ನೋ ವೈಟ್ ಕಾಡಿನಲ್ಲಿ ಓಡುವಾಗ ಮರದ ಕೊಂಬೆಗಳು ಕೈಯಾಗಿ ಹಿಡಿಯುತ್ತವೆ, ಕತ್ತಲಲ್ಲಿ ಬರೀ ಕಣ್ಣುಗಳು ಹೊಳೆಯುತ್ತವೆ. 1938ರಲ್ಲಿ ಬ್ರಿಟನ್‌ನ ಸೆನ್ಸಾರ್ ಮಂಡಳಿ ಇದಕ್ಕೆ 'ಎ' ಸರ್ಟಿಫಿಕೇಟ್ ಕೊಟ್ಟಿತ್ತು, ಅಂದರೆ ಮಕ್ಕಳು ದೊಡ್ಡವರ ಜೊತೆಗೇ ಬಂದು ನೋಡಬೇಕು ಅಂತ. ಹಾಗಾಗಿ ಹೆದರಿದ ಮಗುವಿಗೆ "ಅದರಲ್ಲಿ ಹೆದರಲಿಕ್ಕೆ ಎಂತ ಉಂಟು" ಅಂತ ಹೇಳಬೇಡಿ. ಎಲ್ಲಿ, ಯಾವ ಚಿತ್ರಕ್ಕೆ ಅಂತ ಕೇಳಿ.

ಉತ್ತರ ಯಾವ ಭಾಷೆಯಲ್ಲಿ ಬಂತೋ ಆ ಭಾಷೆಯಲ್ಲೇ ಬರೆದುಕೊಳ್ಳಿ. ನಮ್ಮ ಕಾಸರಗೋಡಿನ ಚಾವಡಿಯಲ್ಲಿ ಒಂದೇ ಭಾಷೆ ಎಲ್ಲಿಂದ ಬರಬೇಕು? ಒಬ್ಬಳು ಹವ್ಯಕದಲ್ಲಿ "ಹೆದರಿಕೆ ಆತು" ಅಂದಳು, ಆಚೆ ಮನೆಯ ಹುಡುಗ ತುಳುವಿನಲ್ಲಿ "ಪೋಡಿಗೆ ಆಂಡ್" ಅಂದ, ಮಲಯಾಳ ಶಾಲೆಗೆ ಹೋಗುವವನು "ಪೇಡಿ ಆಯ್ತು" ಅಂತ ಅರ್ಧ ಅರ್ಧ ಸೇರಿಸಿದ. ಮೂರನ್ನೂ "ಭಯವಾಯಿತು" ಅಂತ ಒಂದೇ ಮಾಡಿ ಬರೆದರೆ ಮೂರು ಮಕ್ಕಳೂ ಕಳೆದುಹೋಗುತ್ತಾರೆ. ಮೊದಲು ಹೇಳಿದ ಹಾಗೆ ಬರೆಯಿರಿ, ಆಮೇಲೆ ಬೇಕಾದರೆ ಪಕ್ಕದಲ್ಲಿ ಕನ್ನಡದಲ್ಲಿ ಬರೆಯಿಸಿ. ಆ ಕನ್ನಡವನ್ನೂ ಅವರ ಬಾಯಿಂದಲೇ ಬರಿಸಿ.

ಹೆಸರಿಡುವ ಆಟ ಒಂದು ಉಂಟು, ಇದು ಸಣ್ಣವರಿಗೆ. ಈ ಸಿನಿಮಾಕ್ಕೆ ಮೂಲ ಜರ್ಮನಿಯ ಗ್ರಿಮ್ ಸಹೋದರರ ಕಥೆ, ಅದರಲ್ಲಿ ಏಳು ಕುಳ್ಳರಿಗೆ ಹೆಸರೇ ಇಲ್ಲ, ಸಿನಿಮಾದವರು ಒಬ್ಬೊಬ್ಬರ ಗುಣ ನೋಡಿ ಇಂಗ್ಲಿಷ್‌ನಲ್ಲಿ ಇಟ್ಟರು. ನೀವು ಆ ಹೆಸರು ಹೇಳದೆ, ಮಕ್ಕಳಿಂದಲೇ ಕನ್ನಡ ಹೆಸರು ಇಡಿಸಿ. ನಮ್ಮಲ್ಲಿ ಮುಂಗೋಪಿ, ಆಕ್ಷಿ, ತೂಕಡಿಕೆ, ನಾಚಿಕೆ, ನಗು, ಯಜಮಾನ ಅಂತ ಆಯಿತು. ಏಳನೆಯವನು, ಮಾತೇ ಆಡದವನು, ಅವನಿಗೆ ಹೆಸರಿಡುವಾಗ ಜಗಳ. ಒಬ್ಬ ಪೆದ್ದ ಅಂದ. ಎಂಟು ವರ್ಷದವಳು ಒಪ್ಪಲಿಲ್ಲ, "ಅವನಿಗೆ ಎಲ್ಲ ಗೊತ್ತಾಗ್ತದೆ, ಹೇಳುದಿಲ್ಲ ಅಷ್ಟೆ" ಅಂದಳು. ಕೊನೆಗೆ ಅವನ ಹೆಸರು 'ಸುಮ್ನೆ' ಅಂತ ಆಯಿತು. ಮಗು ಒಂದು ಪಾತ್ರಕ್ಕೆ ಏನು ಹೆಸರಿಡುತ್ತದೋ ಅದೇ ಅದರ ಅಭಿಪ್ರಾಯ, ಬೇರೆ ಕೇಳುವುದು ಬೇಡ.

ಹಾಡಿನ ಬಗ್ಗೆ ಕೇಳುವುದು ಕಷ್ಟ. "ಹಾಡು ಹೇಗಿತ್ತು" ಅಂದರೆ ಮತ್ತೆ "ಚಂದ" ಅನ್ನುತ್ತಾರೆ. ನಮ್ಮ ಊರಿನ ಮಕ್ಕಳಿಗೆ ಯಕ್ಷಗಾನ ನೋಡಿ ಗೊತ್ತಿರುತ್ತದೆ, ಅದನ್ನೇ ಹಿಡಿದುಕೊಳ್ಳಿ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ತಾನೇ! "ಇಲ್ಲಿ ಭಾಗವತರು ಯಾರು?" ಅಂತ ಕೇಳಿ. ನಮ್ಮ ಆಟದಲ್ಲಿ ಪಾತ್ರದ ಮಾತನ್ನು ಪದ್ಯದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಆಮೇಲೆ ಅರ್ಥ ಹೇಳುತ್ತಾನೆ. ಈ ಸಿನಿಮಾದಲ್ಲಿ ಪಾತ್ರವೇ ಹಾಡುತ್ತದೆ, ಹಾಡಿದ ಮೇಲೆ ಅರ್ಥ ಹೇಳುವುದೂ ಇಲ್ಲ. ಬಾವಿಯ ಹತ್ತಿರ ಸ್ನೋ ವೈಟ್ ಹಾಡುವಾಗ ಅವಳದ್ದೇ ಧ್ವನಿ ಬಾವಿಯೊಳಗಿಂದ ತಿರುಗಿ ಬರುತ್ತದಲ್ವಾ, ಅದನ್ನು ನೆನಪು ಮಾಡಿ ಕೇಳಿದೆ. "ಹಕ್ಕಿಗಳು ಹಿಮ್ಮೇಳ" ಅಂದ ಒಬ್ಬ. ನಮ್ಮ ಅಮ್ಮನಿಗೆ ಆ ಹುಡುಗಿಯ ಧ್ವನಿ ಹಿಡಿಸಲಿಲ್ಲ, "ತುಂಬಾ ಸಪೂರ, ಕಿವಿಗೆ ಚುಚ್ತದೆ" ಅಂದರು. ಅದನ್ನೂ ಬರೆದೆ. ಕೆಲಸ ಮುಗಿಸಿ ಸಾಲಾಗಿ ಮನೆಗೆ ಬರುವಾಗಿನ 'ಹೈ ಹೋ' ಹಾಡನ್ನು ಯಾರಿಗೂ ಕೇಳಬೇಕಾಗಲೇ ಇಲ್ಲ. ಮಧ್ಯಾಹ್ನ ಬಾಳೆಲೆ ಎತ್ತಿಕೊಂಡು ಹಿತ್ತಲಿಗೆ ಹೋಗುವಾಗ ಏಳು ಜನ ಸಾಲು ಕಟ್ಟಿ ಅದನ್ನೇ ಹಾಡಿದರು.

ಅಜ್ಜಿಯಂದಿರನ್ನು ಬಿಡಬೇಡಿ. ಅವರು ಮೊದಲು "ನಮಗೆಂತ ಗೊತ್ತಾಗ್ತದೆ ಮಗಾ" ಅನ್ನುತ್ತಾರೆ. ಎಲೆ ಅಡಿಕೆ ಮೆಲ್ಲುವ ಹೊತ್ತಿಗೆ ಪಕ್ಕದಲ್ಲಿ ಕೂತು, ರಾಣಿಯ ಬಗ್ಗೆ ಕೇಳಿ. ನನ್ನ ದೊಡ್ಡಮ್ಮ ಹೇಳಿದ್ದನ್ನು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ: "ನಮ್ಮ ಶೂರ್ಪನಖಿ ರಾಕ್ಷಸಿ, ಚಂದದ ಹೆಣ್ಣಾಗಿ ಬರ್ತಾಳೆ. ಇವಳು ಚಂದ ಇದ್ದವಳು, ಮುದುಕಿ ಆಗಿ ಹೋಗ್ತಾಳೆ. ಚಂದ ಆಗ್ಬೇಕು ಅಂತ ಹೊರಟು ಇದ್ದ ಚಂದವನ್ನೇ ಕಳ್ಕೊಂಡಳು." ಯಕ್ಷಗಾನದಲ್ಲಿ ರಾಕ್ಷಸಿ ರೂಪದ ಘೋರ ಶೂರ್ಪನಖಿ ಬಣ್ಣದ ವೇಷ, ಚಂದದ ರೂಪದ ಮಾಯಾ ಶೂರ್ಪನಖಿ ಸ್ತ್ರೀವೇಷ, ಇಬ್ಬರು ಕಲಾವಿದರು ಮಾಡುತ್ತಾರೆ. ಈ ಸಿನಿಮಾದಲ್ಲಿ ರಾಣಿಗೂ ಮುದುಕಿಗೂ ಧ್ವನಿ ಕೊಟ್ಟದ್ದು ಒಬ್ಬಳೇ ನಟಿ, ಲೂಸಿಲ್ ಲಾ ವರ್ನ್. ಇದನ್ನು ಹೇಳಿದಾಗ ದೊಡ್ಡಮ್ಮ ಆ ಎರಡು ಭಾಗ ಮತ್ತೊಮ್ಮೆ ಹಾಕಿಸಿ ಕಣ್ಣು ಮುಚ್ಚಿ ಕೇಳಿದರು.

ಮಾಹಿತಿ ಹೇಳುವುದು ಯಾವಾಗಲೂ ಅಭಿಪ್ರಾಯ ಬರೆದಾದ ಮೇಲೆ. ಈ ಕ್ರಮ ತಪ್ಪಿಸಬೇಡಿ. "ಇದಕ್ಕೆ ವಾಲ್ಟ್ ಡಿಸ್ನಿಗೆ ಒಂದು ದೊಡ್ಡ ಆಸ್ಕರ್, ಏಳು ಸಣ್ಣ ಆಸ್ಕರ್ ಕೊಟ್ಟಿದ್ದರು" ಅಂತ ಮೊದಲೇ ಹೇಳಿದಿರೋ, ಆಮೇಲೆ ಯಾರೂ ಬೋರ್ ಆಯಿತು ಅನ್ನುವುದಿಲ್ಲ. ಕೊನೆಗೆ ಹೇಳಿದರೆ ಅದೇ ಮಾಹಿತಿ ಕಥೆಯ ಹಾಗೆ ಕೇಳುತ್ತಾರೆ. ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಚಿತ್ರ, 83 ನಿಮಿಷಕ್ಕೆ ಒಟ್ಟು ಎಷ್ಟು ಅಂತ ಲೆಕ್ಕ ಹಾಕಿಸಿದರೆ ಸುಮಾರು 1,20,000 ಬರುತ್ತದೆ, ದೊಡ್ಡ ಮಕ್ಕಳು ಎರಡು ಸಲ ಗುಣಿಸಿ ನೋಡುತ್ತಾರೆ. ಕಾಡು ಅಷ್ಟು ಆಳವಾಗಿ ಕಾಣುವುದು ಹೇಗೆ ಅನ್ನುವುದಕ್ಕೆ ಕಿಟಕಿಯೇ ಸಾಕು. ಸರಳಿನ ಹತ್ತಿರ ನಿಲ್ಲಿಸಿ, ಹೊರಗೆ ನೋಡುತ್ತಾ ತಲೆ ಆಚೆ ಈಚೆ ಆಡಿಸಲಿಕ್ಕೆ ಹೇಳಿ. ಸರಳು ಬೇಗ ಸರಿಯುತ್ತದೆ, ಅಡಿಕೆ ಮರ ನಿಧಾನ, ಗುಡ್ಡ ಅಲ್ಲೇ ಇರುತ್ತದೆ. ಗಾಜಿನ ಮೇಲೆ ಬೇರೆ ಬೇರೆ ಚಿತ್ರ ಬರೆದು, ಒಂದರ ಕೆಳಗೆ ಒಂದು ದೂರ ದೂರ ಇಟ್ಟು, ಮೇಲಿನಿಂದ ಕ್ಯಾಮೆರಾ ಹಿಡಿದು ಅವರು ಇದನ್ನೇ ಮಾಡಿದ್ದು.

ಸಿನಿಮಾದ ಕೊನೆಗೆ ರಾಜಕುಮಾರ ಮುತ್ತು ಕೊಟ್ಟು ಸ್ನೋ ವೈಟ್‌ನ್ನು ಎಬ್ಬಿಸುತ್ತಾನಲ್ಲ, ಆ ಪ್ರಶ್ನೆ ಬಂದೇ ಬರುತ್ತದೆ. ಹನ್ನೆರಡು ವರ್ಷದ ನನ್ನ ತಂಗಿಯ ಮಗಳು ನೇರವಾಗಿ ಕೇಳಿದಳು, "ಮಲಗಿದವಳಿಗೆ ಕೇಳದೆ ಮುತ್ತು ಕೊಡುದು ಸರಿಯಾ ಮಾವ? ಅವನು ಸಿನಿಮಾದಲ್ಲಿ ಬಂದದ್ದೇ ಎರಡು ಸಲ." "ಹಳೇ ಕಾಲದ್ದು, ಬಿಡು" ಅಂತ ಮಾತು ಮುಗಿಸಬೇಡಿ, ಮುಜುಗರ ಅಂತ ವಿಷಯ ಬದಲಿಸಲೂ ಬೇಡಿ. ನಾನು ಗ್ರಿಮ್ ಕಥೆ ಹೇಳಿದೆ. 1812ರಲ್ಲಿ ಮೊದಲು ಅಚ್ಚಾದ ಆ ಪುಸ್ತಕದ ಕಥೆಯಲ್ಲಿ ಮುತ್ತೇ ಇಲ್ಲ. ಮುಂದಿನ ಆವೃತ್ತಿಗಳಲ್ಲಿ ರಾಜಕುಮಾರನ ಆಳುಗಳು ಗಾಜಿನ ಪೆಟ್ಟಿಗೆ ಹೊತ್ತುಕೊಂಡು ಹೋಗುವಾಗ ಎಡವುತ್ತಾರೆ, ಆ ಕುಲುಕಿಗೆ ಗಂಟಲಲ್ಲಿದ್ದ ಸೇಬಿನ ತುಂಡು ಹೊರಗೆ ಬರುತ್ತದೆ. ಅವಳು ಸ್ವಲ್ಪ ಯೋಚಿಸಿ, "ಅದು ಒಳ್ಳೇದು, ಎಡವಿದ್ದಲ್ವಾ" ಅಂದಳು. ಅವಳ ಅಜ್ಜಿ ಒಪ್ಪಲಿಲ್ಲ, ಸಿನಿಮಾದ್ದೇ ಚಂದ, ಕುಳ್ಳರು ಅಷ್ಟು ಅತ್ತದ್ದಕ್ಕೆ ಒಂದು ಮಂಗಳ ಬೇಡವಾ ಅಂದರು. ಎರಡನ್ನೂ ಬರೆಯಿರಿ, ಎದುರುಬದುರು ಪುಟದಲ್ಲಿ. ಯಾರದ್ದು ಸರಿ ಅಂತ ತೀರ್ಪು ಕೊಡುವ ಕೆಲಸ ನಿಮ್ಮದಲ್ಲ.

ಸ್ನೋ ವೈಟ್ ಕುಳ್ಳರ ಮನೆ ಗುಡಿಸಿದ ವಿಷಯಕ್ಕೂ ನಮ್ಮಲ್ಲಿ ಹೀಗೇ ಆಯಿತು. ಹುಡುಗಿಯರಿಗೆ ಸಿಟ್ಟು, ಯಾಕೆ ಅವಳೇ ಪಾತ್ರೆ ತೊಳೆಯಬೇಕು ಅಂತ. ನನ್ನ ಅತ್ತಿಗೆ, "ಇರಲಿಕ್ಕೆ ಜಾಗ ಇಲ್ಲದವಳು ಮತ್ತೆಂತ ಮಾಡುದು" ಅಂದರು. ಅವರು ಹಾಗೆ ಹೇಳುವಾಗ ಧ್ವನಿ ಸ್ವಲ್ಪ ಬೇರೆ ಆಗಿತ್ತು, ನಾನು ಮುಂದೆ ಕೇಳಲಿಲ್ಲ. ಕೆಲವು ಸಲ ಅಲ್ಲಿಗೇ ಬಿಡಬೇಕು.

ಪ್ರತಿ ಅಭಿಪ್ರಾಯದ ಕೆಳಗೆ ತಾರೀಖು, ಹೇಳಿದವರ ಪ್ರಾಯ ಹಾಕಿ. ಮುಂದಿನ ರಜೆಗೆ ಅದೇ ಸಿನಿಮಾ ಹಾಕುವುದಾದರೆ ಹಳೇ ಪುಟ ಮೊದಲೇ ಓದಬೇಡಿ, ಹೊಸತು ಬರೆದ ಮೇಲೆ ತೆಗೆಯಿರಿ. ಎರಡನೇ ವರ್ಷ ಕಾಡಿನ ಭಾಗದಲ್ಲಿ ನನ್ನ ತೋಳಿಗೆ ಮುಖ ಒತ್ತಿಕೊಂಡಿದ್ದ ಮಗು ಈ ವರ್ಷ ಪೂರ್ತಿ ನೋಡಿತು. ಕೊನೆಗೆ ಬರೆಸಿದ್ದು ಇಷ್ಟು: "ಆ ಕಣ್ಣೆಲ್ಲ ಮೊಲದ್ದು, ಜಿಂಕೆಯದ್ದು. ಕಳೆದ ವರ್ಷ ನಾನು ನೋಡ್ಲೇ ಇಲ್ಲ."