ಕೆಂಪು ಪೆನ್ನು ಬಿಟ್ಟೆ, ಮಕ್ಕಳೇ ತಪ್ಪು ಹಿಡಿದರು

"ಐದನೇ ಕ್ಲಾಸಿನ ಮಕ್ಕಳು ತಮ್ಮ ತಪ್ಪು ತಾವೇ ಹುಡುಕೋದಾ? ಸುಮ್ನೆ ನೀವೇ ತಿದ್ದಿ ಕೊಡಿ ಮೇಡಂ" ಅಂದಿದ್ದರು ಜೊತೆಯ ಟೀಚರುಗಳು. ಎರಡು ವರ್ಷ ಅವರ ಮಾತೇ ನಿಜವಾಗಿತ್ತು. ಈ ವರ್ಷ ಅಲ್ಲ.

ಬೆಂಗಳೂರಿನ ಶ್ರೀನಗರದ ನಮ್ಮ ಮನೆಯಲ್ಲಿ ಸಂಜೆ 14 ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ. ಅರ್ಧ ಮಕ್ಕಳ ಮನೆಮಾತು ತೆಲುಗು, ತಮಿಳು ಇಲ್ಲವೇ ಉರ್ದು.

ಮೊದಲು ದುಡ್ಡು ಹೋದ ಕಥೆ. ಅವೆನ್ಯೂ ರಸ್ತೆಯಿಂದ ಬಣ್ಣದ ಪೆನ್ನು, ಸ್ಟಾರ್ ಸ್ಟಿಕ್ಕರ್ ತಂದೆ. 500ರ ಹತ್ತಿರ ಆಯಿತು. ಮಕ್ಕಳು ತಪ್ಪು ಬಿಟ್ಟು ಪುಟಕ್ಕೆಲ್ಲ ಬಣ್ಣ ಬಳಿದರು. ಆಮೇಲೆ 'ಒತ್ತು ನೋಡಿದೆಯಾ, ದೀರ್ಘ ನೋಡಿದೆಯಾ' ಅಂತ ಹತ್ತು ಪ್ರಶ್ನೆಯ ಪಟ್ಟಿ ಮಾಡಿ, ಎಲ್ಲರಿಗೂ ಲ್ಯಾಮಿನೇಷನ್ ಮಾಡಿಸಿ ಕೊಟ್ಟೆ. ಮತ್ತೆ ಸುಮಾರು 700 ರೂಪಾಯಿ. ಓದದೆಯೇ ಹತ್ತಕ್ಕೂ ಟಿಕ್ ಹಾಕಿದರು. ಪುಸ್ತಕ ಅದಲುಬದಲು ಮಾಡಿಸಿದೆ. ಎರಡನೇ ದಿನಕ್ಕೇ ಒಬ್ಬಳು ಅತ್ತಳು, ಅವಳ ಅಮ್ಮ ಬಂದು ಕೇಳಿದರು. ನಿಲ್ಲಿಸಿದೆ.

ಗಟ್ಟಿಯಾಗಿ ಓದಿಸಿದರೂ ಪ್ರಯೋಜನವಾಗಲಿಲ್ಲ. 'ಹಣು' ಅಂತ ಬರೆದ ಹುಡುಗ 'ಹಣ್ಣು' ಅಂತಲೇ ಓದುತ್ತಾನೆ. ಅವನು ಓದುತ್ತಿರುವುದು ಕಾಗದವನ್ನಲ್ಲ, ತಲೆಯಲ್ಲಿರುವುದನ್ನು. ಇದು ಹೊಳೆಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಕೊನೆಗೆ ಕೈ ಹಿಡಿದದ್ದು ಹಳೇ ಲಗ್ನಪತ್ರಿಕೆ. ಖರ್ಚು ಸೊನ್ನೆ. ದಪ್ಪ ಕಾಗದದ ನಡುವೆ ಒಂದು ಪದ ಕಾಣುವಷ್ಟು ಕಿಂಡಿ ಕತ್ತರಿಸಿದೆ. ಅದನ್ನು ಸಾಲಿನ ಕೊನೆಯಿಂದ ಹಿಂದಕ್ಕೆ ಸರಿಸಬೇಕು. ಹಿಂದುಮುಂದಾದರೆ ವಾಕ್ಯ ಕೂಡುವುದಿಲ್ಲ, ಆಗ ಅಕ್ಷರ ನೋಡದೆ ದಾರಿಯಿಲ್ಲ. ದಿನಕ್ಕೆ ಒಂದೇ ಬೇಟೆ. ಸೋಮವಾರ ಒತ್ತು, ಮಂಗಳವಾರ ದೀರ್ಘ. ಬರೆದ ದಿನ ತಿದ್ದಿಸುವುದೇ ಇಲ್ಲ, ಮರುದಿನವೇ. ನಾನು ತಪ್ಪಿಗೆ ಸುತ್ತು ಹಾಕಲ್ಲ. ಸಾಲಿನಲ್ಲಿ ಎಷ್ಟು ತಪ್ಪಿದೆಯೋ ಅಷ್ಟು ಚುಕ್ಕೆ ಅಂಚಿನಲ್ಲಿ ಇಡುತ್ತೇನೆ. ಯಾವ ಮಗುವಿಗೆ ಯಾವಾಗ ಚುಕ್ಕೆ ನಿಲ್ಲಿಸಬೇಕು ಅನ್ನೋದಕ್ಕೆ ನನ್ನದೇ ಲೆಕ್ಕವಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಿಂಡಿ ಸೋತದ್ದು ಅ-ಹ, ಲ-ಳ ವಿಷಯದಲ್ಲಿ. 'ಮರದ ಮೇಲೆ ಅಕ್ಕಿ ಕೂತಿತ್ತು' ಅಂತ ಬರೆದರೆ, ಕಿಂಡಿಯಲ್ಲಿ 'ಅಕ್ಕಿ' ಸರಿಯಾಗಿಯೇ ಕಾಣುತ್ತದೆ ಅಲ್ವಾ? 'ಅಮ್ಮ ಹಾಳು ಕಾಯಿಸಿದಳು' ಅನ್ನೋದೂ ಹಾಗೇ. ಅದಕ್ಕೆ ಬರೆದದ್ದನ್ನು ಬರೆದ ಹಾಗೇ ಚಿತ್ರ ಬಿಡಿಸೋಕೆ ಹೇಳಿದೆ. ಕೊಂಬೆಯ ಮೇಲೆ ಅಕ್ಕಿ ರಾಶಿ ಬಿಡಿಸಿದ ಹುಡುಗಿ ಮತ್ತೆ ಹಕ್ಕಿಯ 'ಹ' ಬಿಟ್ಟಿಲ್ಲ.

ಜೂನ್‌ನಲ್ಲಿ ಪುಟಕ್ಕೆ ಇಪ್ಪತ್ತು ತಪ್ಪಿದ್ದರೆ ಮೂರೋ ನಾಲ್ಕೋ ಅವರ ಕಣ್ಣಿಗೆ ಬೀಳುತ್ತಿತ್ತು. ದಸರಾ ರಜೆ ಹೊತ್ತಿಗೆ ತಪ್ಪೇ ಹನ್ನೆರಡಕ್ಕೆ ಇಳಿದಿತ್ತು, ಅದರಲ್ಲಿ ಎಂಟೊಂಬತ್ತು ಅವರೇ ಹಿಡಿಯುತ್ತಿದ್ದರು. ಆ ಪುಸ್ತಕಗಳನ್ನು ಜೊತೆಯ ಟೀಚರುಗಳಿಗೆ ತೋರಿಸಿದೆ. ಒಬ್ಬರು ಕಿಂಡಿಯ ಅಳತೆ ಬರೆದುಕೊಂಡು ಹೋದರು.

ಸ-ಷ ಇನ್ನೂ ಕೈಗೆ ಸಿಕ್ಕಿಲ್ಲ. ಟ, ಠ, ಣ ಒತ್ತು ಬಂದರೆ ಮೇಲೆ ಷ ಅಂತ ಹೇಳಿಕೊಟ್ಟೆ: ಕಷ್ಟ, ನಿಷ್ಠೆ, ಕೃಷ್ಣ. ಮರುದಿನ ಒಬ್ಬ 'ಮೆಜೆಸ್ಟಿಕ್' ಅಂತ ಸರಿಯಾಗಿ ಬರೆದದ್ದನ್ನು ಹೊಡೆದುಹಾಕಿ 'ಮೆಜೆಷ್ಟಿಕ್' ಮಾಡಿದ್ದ. ಈಗ ಇಂಗ್ಲಿಷ್ ಪದಗಳಿಗೆ ಅಂತಲೇ ಶುಕ್ರವಾರ ಬಿಟ್ಟುಕೊಟ್ಟು ನೋಡುತ್ತಿದ್ದೇನೆ.