ಫೈಬರ್ ಬೋಟಿಗೆ ಅಡ್ಡಗೋಡೆ ಕೂರಿಸುವಾಗ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಬೋಟ್‌ಗಳಿಗೆ ರಜೆ. ರಿಪೇರಿಗೆ ಸಿಗುವುದು ಅದೇ ಎರಡು ತಿಂಗಳು, ಮಳೆ ಹೊಡೆಯುವುದೂ ಆಗಲೇ. ಹಾಗಾಗಿ ಮೊದಲು ಟಾರ್ಪಾಲು ಕಟ್ಟಿ. ಪಸೆ ಇರುವ ಫೋಮ್ ಮೇಲೆ ರೆಸಿನ್ (ಫೈಬರ್ ಅಂಟಿಸುವ, ಆಮೇಲೆ ಗಟ್ಟಿಯಾಗುವ ದ್ರವ) ಹಿಡಿಯುವುದಿಲ್ಲ.

ಇಲ್ಲಿ ಹೇಳುವ ಅಡ್ಡಗೋಡೆ ಸ್ಯಾಂಡ್‌ವಿಚ್ ಹಲಗೆಯದು. ಸ್ಯಾಂಡ್‌ವಿಚ್ ಅಂದರೆ ಎರಡು ಫೈಬರ್ ಹಾಳೆ, ನಡುವೆ ಹಗುರವಾದ ಫೋಮ್. ಹಾಳೆ ಗಟ್ಟಿ, ಫೋಮ್ ಮೆದು. ಜೋಡಣೆ ಬಿಡುವುದು ಹೆಚ್ಚಾಗಿ ಮೂಲೆಯಲ್ಲಿ, ಹಾಳೆ ಸಿಪ್ಪೆಯ ಹಾಗೆ ಏಳುತ್ತದೆ.

ನಾನು ಕೂರಿಸಿದ ಒಂದು ಗೋಡೆ ಹೀಗೇ ಎದ್ದಿತ್ತು. ಪಾಲಿಯೆಸ್ಟರ್ ರೆಸಿನ್ ಒಣಗುವಾಗ ಅದರಲ್ಲಿದ್ದ ಮೇಣ ಮೇಲೆ ಬಂದು ನಿಂತಿತ್ತು. ನಾನು ಸುಮ್ನೆ ಅಸಿಟೋನ್ ಒರೆಸಿ ಮುಂದೆ ಹೋದೆ. ಈಗ 80 ನಂಬರಿನ ಉಜ್ಜುಕಾಗದದಲ್ಲಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜುತ್ತೇನೆ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ಗೋಡೆಯ ಅಂಚು ನೇರ ಬೋಟಿನ ಹೊರಮೈಗೆ (ಹಲ್) ತಾಗಬಾರದು. ತಾಗಿದರೆ ಅಲೆ ಹೊಡೆದಾಗೆಲ್ಲ ಪೆಟ್ಟು ಆ ಒಂದೇ ಗೆರೆ ಮೇಲೆ ಬೀಳುತ್ತದೆ. ನಡುವೆ ಫೋಮ್ ಪಟ್ಟಿ ಇಡಿ.

ಆಮೇಲೆ ಮೂಲೆಗೆ ಪುಟ್ಟಿ. ರೆಸಿನ್‌ಗೆ ಸಿಲಿಕಾ ಪುಡಿ ಸೇರಿಸಿ, ಹೋಳಿಗೆ ಹೂರಣದಷ್ಟು ಗಟ್ಟಿ ಮಾಡಿ. ಗೋಡೆಗೆ ಬಳಿದರೆ ಜಾರಬಾರದು. ನಾನು ತೆಂಗಿನ ಚಿಪ್ಪಿನ ತುಂಡಿನಿಂದ ಎಳೆಯುತ್ತೇನೆ, ಮೂಲೆ ತಾನೇ ಗುಂಡಗಾಗುತ್ತದೆ. ಚೂಪು ಮೂಲೆಗೆ ಫೈಬರ್ ಬಟ್ಟೆ ಹಾಕಿದರೆ ಅಡಿಯಲ್ಲಿ ಗಾಳಿ ಉಳಿಯುತ್ತದೆ, ಅಲ್ವಾ? ಪುಟ್ಟಿ ಇನ್ನೂ ಅಂಟಂಟಾಗಿರುವಾಗಲೇ ಬಟ್ಟೆ ಹಾಕಿ.

ಬಟ್ಟೆ 45 ಡಿಗ್ರಿ ಓರೆಯ ಬೈಯಾಕ್ಸಿಯಲ್ (ಎರಡು ದಿಕ್ಕಿಗೆ ಎಳೆ ಇರುವಂಥದ್ದು) ಆದರೆ ಒಳ್ಳೆಯದು, ಅದರ ಎಲ್ಲ ಎಳೆಗಳೂ ಮೂಲೆ ದಾಟುತ್ತವೆ. ಗೋಡೆಯ ಎರಡೂ ಕಡೆ ಹಾಕಬೇಕು. ಪದರಗಳ ಅಂಚು ಒಂದರ ಮೇಲೊಂದು ಬರಬಾರದು. ಪ್ರತಿ ಪದರಕ್ಕೂ 25 ಮಿಲಿಮೀಟರ್‌ನಷ್ಟು ಹಿಂದೆ ಮುಂದೆ ಮಾಡಿ, ಮೆಟ್ಟಿಲಿನ ಹಾಗೆ. ಎಲ್ಲ ಒಂದೇ ಕಡೆ ನಿಂತರೆ ಸಿಪ್ಪೆ ಅಲ್ಲಿಂದಲೇ ಏಳುತ್ತದೆ. ರೆಸಿನ್ ಜಾಸ್ತಿ ಸುರಿದರೆ ಬಲ ಬರುವುದಿಲ್ಲ, ತೂಕ ಬರುತ್ತದೆ.

ಹಾರ್ಡ್‌ನರ್ (ಪಾಲಿಯೆಸ್ಟರ್ ರೆಸಿನ್ ಗಟ್ಟಿ ಮಾಡುವ ದ್ರವ) ಮತ್ತು ಕೋಬಾಲ್ಟ್ (ಅದು ಬೇಗ ಗಟ್ಟಿಯಾಗಲು ಹಾಕುವ ದ್ರವ) ಎರಡನ್ನೂ ನೇರವಾಗಿ ಬೆರೆಸಲೇಬೇಡಿ, ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ಗೆ ಕಲಸಿ, ಹಾರ್ಡ್‌ನರ್ ಆಮೇಲೆ.

ಬೋಲ್ಟ್ ಬರುವ ಕಡೆ ತೂತನ್ನು ದೊಡ್ಡದಾಗಿ ಕೊರೆದು ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ಪುಟ್ಟಿ ತುಂಬಿ. ಒಣಗಿದ ಮೇಲೆ ಅದರ ನಡುವೆ ಮತ್ತೆ ಕೊರೆಯಿರಿ. ಇಲ್ಲದಿದ್ದರೆ ನಟ್ಟು ಬಿಗಿದಾಗ ಫೋಮ್ ಚಪ್ಪಟೆಯಾಗುತ್ತದೆ, ನೀರೂ ಒಳಗೆ ಹೋಗುತ್ತದೆ.

ಪೂರ್ತಿ ಗಟ್ಟಿಯಾದ ಮೇಲೆ ನಾಣ್ಯದಿಂದ ಅಂಗುಲ ಅಂಗುಲಕ್ಕೂ ತಟ್ಟಿ. ಸದ್ದು ಟಕ್ ಅಂದರೆ ಸರಿ. ಡಬ್ ಅಂದ ಕಡೆ ಪೆನ್ಸಿಲ್ ಗುರುತು ಹಾಕಿ, ಅಷ್ಟನ್ನು ಕಿತ್ತು ಮತ್ತೆ ಹಾಕಿ.